ಹಳೇ ಕನ್ವರ್ಟಿಬಲ್ ಕೊಳ್ಳುವಾಗ: ಲೋಹದ ರೂಫೋ, ಬಟ್ಟೆಯದೋ?

ಮಡಚಿಕೊಳ್ಳುವ ಲೋಹದ ರೂಫ್ ಇದ್ದರೆ ಮಳೆಗಾಲದ ಚಿಂತೆ ತಪ್ಪಿತು ಅಂದುಕೊಂಡೇ ಬಹಳ ಜನ ಹಳೇ ಮರ್ಸಿಡಿಸ್ ಎಸ್‌ಎಲ್‌ಕೆ ಅಥವಾ ಬಿಎಂಡಬ್ಲ್ಯು ಝಡ್4 ಹುಡುಕಲು ಹೊರಡುತ್ತಾರೆ. ಆದರೆ ಕನ್ವರ್ಟಿಬಲ್‌ಗಳಲ್ಲಿ, ಅಂದರೆ ರೂಫ್ ತೆರೆದು ಮುಚ್ಚಬಹುದಾದ ಕಾರುಗಳಲ್ಲಿ, ನೀರು ಸಾಮಾನ್ಯವಾಗಿ ಬಟ್ಟೆಯ ಮೂಲಕ ಇಳಿಯುವುದಿಲ್ಲ. ಒಣಗಿದ ರಬ್ಬರಿನ ಸಂದಿಯಲ್ಲಿ, ಇಲ್ಲವೇ ಮಳೆನೀರು ಹೊರಹೋಗಬೇಕಾದ, ಕಸ ಕಟ್ಟಿಕೊಂಡ ಡ್ರೈನ್‌ನಿಂದ ಒಳಗೆ ಬರುತ್ತದೆ. ಲೋಹದ ರೂಫ್ ಎಂದರೆ ಎರಡು ಮೂರು ತುಂಡುಗಳ ಜೋಡಣೆ, ಹಾಗಾಗಿ ರಬ್ಬರ್ ಕೂರುವ ಸಂದಿಗಳು ಅಲ್ಲಿ ಇನ್ನೂ ಹೆಚ್ಚು.

ತಯಾರಕರೇ ಈ ದಾರಿಯಲ್ಲಿ ಹೋಗಿ ವಾಪಸು ಬಂದಿದ್ದಾರೆ. 2009ರಲ್ಲಿ ಬಂದ ಇ89 (ಇಂಥವು ಬಿಎಂಡಬ್ಲ್ಯು ಒಂದೊಂದು ಪೀಳಿಗೆಗೆ ಇಡುವ ಸಂಕೇತ) ಝಡ್4ಗೆ ಬಿಎಂಡಬ್ಲ್ಯು ಲೋಹದ ರೂಫ್ ಕೊಟ್ಟಿತು. 2018ರ ಜಿ29ರಲ್ಲಿ ಬಟ್ಟೆಗೇ ಮರಳಿತು. ಕಾರಣ ಡಿಕ್ಕಿ ತೆರೆದರೆ ಗೊತ್ತಾಗುತ್ತದೆ. ಇ89ರಲ್ಲಿ ರೂಫ್ ಮುಚ್ಚಿದ್ದಾಗ 310 ಲೀಟರ್ ಜಾಗ, ಇಳಿಸಿದರೆ 180. ಜಿ29ರಲ್ಲಿ ರೂಫ್ ಹೇಗಿದ್ದರೂ 281. ಇ89ರ ರೂಫ್ ತೆರೆಯಲು ಸುಮಾರು 20 ಸೆಕೆಂಡ್ ಬೇಕು. ಜಿ29ಕ್ಕೆ 10 ಸಾಕು, ಅದೂ ಗಂಟೆಗೆ 50 ಕಿ.ಮೀ. ವೇಗದವರೆಗೆ ಓಡುತ್ತಿರುವಾಗಲೇ. ಮರ್ಸಿಡಿಸ್ ಎಸ್‌ಎಲ್ ಕೂಡ ಈಗಿನ ಪೀಳಿಗೆಯಲ್ಲಿ ಬಟ್ಟೆಗೆ ಬಂದು 21 ಕೆ.ಜಿ. ಉಳಿಸಿಕೊಂಡಿತು.

ಹಾಗಾದರೆ ಲೋಹದ್ದು ಯಾರಿಗೆ? ಕಾರು ರಸ್ತೆಬದಿಯಲ್ಲೇ ನಿಲ್ಲುವುದಾದರೆ, ಬ್ಲೇಡ್ ಹಾಕುವವರ ಭಯವಿದ್ದರೆ, ಹೆದ್ದಾರಿ ಓಡಾಟವೇ ಹೆಚ್ಚಾದರೆ ಅದು ಸರಿ. ಹತ್ತು ವರ್ಷ ದಾಟಿದ, ವಾರಂಟಿ ಇಲ್ಲದ ಕಾರಾದರೆ ನಮ್ಮ ಮತ ಬಟ್ಟೆಯ ಕಡೆಗೆ, ಅದರಲ್ಲೂ ಕೈಯಿಂದ ಮಡಚುವ ಬಟ್ಟೆಯ ಕಡೆಗೆ. ಭಾರತಕ್ಕೆ ಅಧಿಕೃತವಾಗಿ ಬರದ ಮಾಜ್ದಾ ಎಂಎಕ್ಸ್-5 ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವವರಿಗೆ ಸುಲಭವಾಗಿ ಸಿಗುತ್ತದೆ. ಅದರ ಮೂರನೇ ಪೀಳಿಗೆಯ ಲೋಹದ ರೂಫ್ ಈ ಮಾತಿಗೆ ಒಂದು ಅಪವಾದ: ಹೈಡ್ರಾಲಿಕ್ಸ್ (ಎಣ್ಣೆಯ ಒತ್ತಡದಿಂದ ರೂಫ್ ಎತ್ತುವ ಪಂಪ್, ಸಿಲಿಂಡರ್‌ಗಳು) ಇಲ್ಲ, ಬರೀ ಎಲೆಕ್ಟ್ರಿಕ್ ಮೋಟಾರು, ಡಿಕ್ಕಿ ಬಟ್ಟೆ, ಲೋಹ ಎರಡೂ ಮಾದರಿಯಲ್ಲಿ 150 ಲೀಟರೇ.

ಕಾರು ನೋಡಲು ಹೋದಾಗ ರೂಫ್ ಪರೀಕ್ಷೆ ಹೀಗಿರಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಒಂದು ಚಕ್ರ ಫುಟ್‌ಪಾತ್ ಮೇಲಿದ್ದರೂ ಬಾಡಿ ಕೊಂಚ ತಿರುಚಿ, ಕೊಂಡಿ ಸರಿಯಾಗಿ ಕೂರದೆ ಹೋಗಬಹುದು. ಮೇಲೆ, ಹಿಂದೆ ಜಾಗ ನೋಡಿಕೊಳ್ಳಿ. ಲೋಹದ ರೂಫ್ ಮಡಚುವಾಗ ಎತ್ತರಕ್ಕೆ ಏಳುತ್ತದೆ, ಡಿಕ್ಕಿಯ ಮುಚ್ಚಳ ಹಿಂದಕ್ಕೆ ಚಾಚುತ್ತದೆ. ತಗ್ಗು ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇದು ಬೇಡವೇ ಬೇಡ. ಎಂಜಿನ್ ಚಾಲೂ ಇರಲಿ, ಬ್ಯಾಟರಿ ಸೋತರೆ ರೂಫ್ ಅರ್ಧದಲ್ಲೇ ನಿಲ್ಲುತ್ತದೆ. ಡಿಕ್ಕಿಯೊಳಗಿನ ಸಾಮಾನು ತಡೆಯುವ ಪರದೆ ಅದರ ಕೊಕ್ಕೆಗೆ ಸಿಕ್ಕಿಸಿರಬೇಕು; ಇಲ್ಲದಿದ್ದರೆ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ‘ರೂಫ್ ಕೆಟ್ಟಿದೆ’ ಎಂದು ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಕೆಲವಕ್ಕೆ ಬೇಕಿರುವುದು ಇಷ್ಟೇ. ತೆರೆದು ಮುಚ್ಚುವುದನ್ನು ಎರಡು ಸಲ ಮಾಡಿಸಿ. ಸಾಲಾಗಿ ಹಲವು ಸಲ ಮಾಡಿದರೆ ಪಂಪ್ ಬಿಸಿಯಾಗಿ ತಾನೇ ನಿಲ್ಲಬಹುದು, ಅದು ದೋಷವಲ್ಲ. ಎಡಬಲ ಸಮನಾಗಿ ಚಲಿಸದೆ ಒಂದು ಕಡೆ ಹಿಂದೆ ಬಿದ್ದರೆ ಮಾತ್ರ ಸಿಲಿಂಡರ್ ಮೇಲೆ ಅನುಮಾನ ಪಡಿ.

ಹೈಡ್ರಾಲಿಕ್ ಸೋರಿಕೆಯನ್ನು ಕೈಯಿಂದ ಮುಟ್ಟಿಯೇ ನೋಡಬೇಕು. ಬಿಳಿ ಟಿಶ್ಯೂ ಹಿಡಿದು ಸಿಲಿಂಡರ್‌ಗಳ ರಾಡ್ ಸುತ್ತ, ಹೋಸ್ ಸೇರುವ ಕಡೆ, ಡಿಕ್ಕಿಯ ಕಾರ್ಪೆಟ್ ಅಡಿಯಲ್ಲಿ ಒರೆಸಿ. ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಹೈಡ್ರಾಲಿಕ್ಸ್ ಲೋಹದ ರೂಫಿಗೆ ಮಾತ್ರ ಸೀಮಿತವಲ್ಲ: ಬಟ್ಟೆ ರೂಫಿನ ಜಾಗ್ವಾರ್ ಎಕ್ಸ್‌ಕೆ8ರಲ್ಲಿ ಮುಂದಿನ ಗಾಜಿನ ಮೇಲಂಚಿನ ಕೊಂಡಿಗೆ ಹೋಗುವ ಹೋಸ್ ಒಡೆದು ಕೂತವರ ತಲೆ ಮೇಲೆ ಹಸಿರು ಎಣ್ಣೆ ಸುರಿಯುವುದು ಕುಖ್ಯಾತ. ಆದ್ದರಿಂದ ಕನ್ನಡಿಯ ಮೇಲಿನ ಒಳಬಟ್ಟೆಯಲ್ಲಿ ಕಲೆ ಇದೆಯೇ ನೋಡಿ.

ಇನ್ನು ಡ್ರೈನ್. ಎಂಎಕ್ಸ್-5ರಲ್ಲಿ ಸೀಟುಗಳ ಹಿಂದೆ, ಬೆಲ್ಟ್ ಹೊರಬರುವ ಗೋಪುರದ ಬಳಿ ಎರಡೂ ಬದಿಗೆ ಒಂದೊಂದು ತೂತು. ಅರ್ಧ ಲೀಟರ್ ನೀರನ್ನು ನಿಧಾನವಾಗಿ ಸುರಿಯಿರಿ. ಹಿಂಚಕ್ರದ ಮುಂದೆ ಕೆಳಗೆ ಧಾರೆಯಾಗಿ ಬರಬೇಕು. ತೊಟ್ಟಿಕ್ಕಿದರೆ ಒಳಗೆ ಎಲೆ, ಮಣ್ಣು ಕೂತಿದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುದಿಯನ್ನು ಬೆಂಕಿಗೆ ಹಿಡಿದು ಉಂಡೆ ಮಾಡಿ, ಅದನ್ನು ತಿರುಗಿಸುತ್ತಾ ಇಳಿಸಿ. ಲೋಹದ ತಂತಿ ಹಾಕಿದರೆ ಕೊಳವೆ ಹರಿದುಹೋಗುತ್ತದೆ. ಕಂಪ್ರೆಸರ್ ಗಾಳಿ ಹೊಡೆದರೆ ಕೊಳವೆ ಬಾಡಿಯೊಳಗೇ ಕಳಚಿಕೊಂಡು, ನೀರು ಕಾರ್ಪೆಟ್ ಕೆಳಗೆ ಹೋಗುತ್ತದೆ. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೊದಲ ಪೀಳಿಗೆಯ ಝಡ್4, ಅಂದರೆ ಬಟ್ಟೆ ರೂಫಿನ ಇ85, ಸಾಕು: ಅದರ ಪಂಪ್ ಕೂತಿರುವುದೇ ನೀರು ಹರಿಯುವ ಗುಂಡಿಯ ಬಳಿ. ಡ್ರೈನ್ ಕಟ್ಟಿದರೆ ಮೋಟಾರು ನೀರಲ್ಲಿ ಮುಳುಗಿ ಸಾಯುತ್ತದೆ. ರಿಪೇರಿ ಮಾಡುವವರು ವೈರ್ ಉದ್ದ ಮಾಡಿ ಹೊಸ ಪಂಪನ್ನು ಡಿಕ್ಕಿಯೊಳಗೇ ಇಟ್ಟುಬಿಡುತ್ತಾರೆ, ಜಾಣತನ. ಬೆಂಗಳೂರಿನಲ್ಲಿ ಮರದಡಿ ನಿಲ್ಲಿಸುವವರು ಮುಂಗಾರಿಗೆ ಮುಂಚೆ ಒಮ್ಮೆ, ನಡುವೆ ಇನ್ನೊಮ್ಮೆ ನೀರು ಸುರಿದು ನೋಡಲಿ.

ಬಟ್ಟೆಯಲ್ಲಿ ಎರಡು ಬಗೆ. ವಿನೈಲ್ ಅಗ್ಗ, ಮಡಿಕೆಯಲ್ಲಿ ಬಿರಿಯುತ್ತದೆ. ಕ್ಯಾನ್ವಾಸ್ ಮೂರು ಪದರದ್ದು: ಹೊರಗೆ ಅಕ್ರಿಲಿಕ್, ನಡುವೆ ರಬ್ಬರ್, ಒಳಗೆ ಇನ್ನೊಂದು ಬಟ್ಟೆ. ನೀರು ತಡೆಯುವುದು ನಡುವಿನ ರಬ್ಬರ್. ಹಾಗಾಗಿ ಪ್ರೆಶರ್ ವಾಷರ್ ಹತ್ತಿರ ತರಬೇಡಿ. ಮೃದು ಬ್ರಷ್, ತಟಸ್ಥ ಶಾಂಪೂ, ಧಾರಾಳ ನೀರು, ಪೂರ್ತಿ ಒಣಗಿದ ಮೇಲೆ ಬಟ್ಟೆಗೆಂದೇ ಇರುವ ನೀರುನಿರೋಧಕ ಸ್ಪ್ರೇ. ಒದ್ದೆಯಿದ್ದಾಗ ಮಡಚಿಟ್ಟರೆ ಬೂಷ್ಟು ಗ್ಯಾರಂಟಿ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಾಗಿದ್ದರೆ ಇನ್ನೊಂದು ಕೆಲಸವಿದೆ. ಪೋರ್ಷೆಯ ಮೊದಲ ಬಾಕ್ಸ್‌ಸ್ಟರ್ ಓಡಿಸುವವರು ರೂಫನ್ನು ಅರ್ಧಕ್ಕೆ ನಿಲ್ಲಿಸಿ, ಕೆಳಗಿಳಿದು, ಕಿಟಕಿಯ ನಡುವೆ ಅಂಗೈ ಅಂಚಿನಿಂದ ಮೆಲ್ಲಗೆ ಒತ್ತಿ ಮಡಿಕೆಯನ್ನು ಸರಿಯಾದ ಕಡೆಗೆ ತಿರುಗಿಸುತ್ತಾರೆ. ಬಿಟ್ಟರೆ ಅಡ್ಡ ಗೆರೆ ಬಿದ್ದು ಅಲ್ಲಿಂದಲೇ ಬಿರುಕು ಶುರು.

ಬಟ್ಟೆ, ಲೋಹ ಎರಡೂ ರೂಫಿನ ರಬ್ಬರ್‌ಗಳಿಗೆ ಒಂದೇ ಔಷಧ: ಒದ್ದೆ ಬಟ್ಟೆಯಿಂದ ದೂಳು ತೆಗೆದು, ಒಣಗಿಸಿ, ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಿ. ವ್ಯಾಸಲೀನ್, ಎಂಜಿನ್ ಆಯಿಲ್ ಹಚ್ಚಬೇಡಿ, ಆ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬುತ್ತದೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ರೂಫ್ ಮುಚ್ಚಿ, ಕೊಂಡಿ ಹಾಕಿಯೇ ಇಡಿ. ಮಡಚಿಟ್ಟ ಬಟ್ಟೆ ಕುಗ್ಗಿ, ಆಮೇಲೆ ಎಳೆದರೂ ಮುಂದಿನ ಗಾಜಿನ ಅಂಚಿಗೆ ಮುಟ್ಟುವುದು ಕಷ್ಟ. ಇಲಿ ಓಡಾಡುವ ಶೆಡ್ ಆದರೆ ಒಳಗೆ ತಿಂಡಿಯ ಚೂರೂ ಬಿಡಬೇಡಿ.