ಕಾಡುಬಸಳೆ ಎಲೆಯ ರಾತ್ರಿಹುಳಿ ಅಳೆಯುವುದು ಹೇಗೆ?

ಗೋಡೆಯ ಬಿರುಕಿನಲ್ಲೂ ಬದುಕುವ ಕಾಡುಬಸಳೆಯ ಮೂಲ ಮಡಗಾಸ್ಕರ್. ನೀರು ಆರಿಹೋಗದಂತೆ ಅದು ಹಗಲು ಪತ್ರರಂಧ್ರ ಮುಚ್ಚಿ ರಾತ್ರಿ ತೆರೆಯುತ್ತದೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿರುತ್ತದೆ. ಬಿಸಿಲೇರಿದಂತೆ ಅದೇ ಆಮ್ಲ ಒಡೆದು ಸಕ್ಕರೆಗೆ ಒದಗುತ್ತದೆ. ಹಾಗಾಗಿ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ. ಹಿಂದೆ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇನ್, 1813ರ ಪತ್ರದಲ್ಲಿ ಇದನ್ನು ಬರೆದದ್ದು ಎಲೆಯ ರುಚಿ ನೋಡಿಯೇ. ನೀವು ಬಾಯಿಗಿಡಬೇಡಿ. ಹೃದಯಕ್ಕೆ ಕೆಡುಕಾದ ವಿಷ ಈ ಗಿಡದಲ್ಲಿದೆ.

ಹಿಂದಿನ ರಾತ್ರಿಯೇ ತಿಳಿಸುಣ್ಣದ ನೀರು ಮಾಡಿಡಿ. ಅರ್ಧ ಲೀಟರ್ ಬಾಟಲಿಗೆ ಎರಡು ಚಮಚ ಬಿಳಿ ಎಲೆಯಡಿಕೆ ಸುಣ್ಣ ಹಾಕಿ, ಕಂಠದವರೆಗೂ ನೀರು ತುಂಬಿ, ಮುಚ್ಚಿ ಕುಲುಕಿ. ಮೇಲಿನ ತಿಳಿಯಷ್ಟೇ ಬೇಕು, ಕಣ್ಣಿಗೆ ಸಿಡಿಯದಿರಲಿ. ಬಾಯಿ ತೆರೆದಿಟ್ಟರೆ ಗಾಳಿ ತಾಗಿ ಕೆನೆಗಟ್ಟುತ್ತದೆ, ಸುಣ್ಣದ ಖಾರ ಇಳಿದು ಅಳತೆ ಸುಳ್ಳಾಗುತ್ತದೆ.

ಬಿಸಿಲಿನಲ್ಲಿರುವ ಗಿಡದಲ್ಲಿ ಒಂದೇ ಗೆಣ್ಣಿನ ಎದುರುಬದುರು ಎಲೆಗಳನ್ನು ಗುರುತಿಸಿಕೊಳ್ಳಿ. ಒಂದನ್ನು ಸೂರ್ಯ ಹುಟ್ಟುವ ಮೊದಲು, ಇನ್ನೊಂದನ್ನು ಸಂಜೆ 4ಕ್ಕೆ ಕೀಳಿ. ಚಿಗುರೆಲೆ ಬೇಡ, ಅದರಲ್ಲಿ ಈ ಗುಣ ಇನ್ನೂ ಬಲಿತಿರುವುದಿಲ್ಲ. ಕಿತ್ತ ತಕ್ಷಣ 5 ಗ್ರಾಂ ತೂಗಿ, ಅರೆದು, 50 ಮಿಲಿ ನೀರಿನಲ್ಲಿ 5 ನಿಮಿಷ ಕುದಿಸಿ. ಬಟ್ಟೆಯಲ್ಲಿ ಸೋಸಿ, ಕುದಿದು ಕಡಿಮೆಯಾದಷ್ಟು ನೀರು ಸೇರಿಸಿ ಮತ್ತೆ 50 ಮಿಲಿ ಮಾಡಿ. ಆರ್‌ಓ ನೀರೇ ಆಗಬೇಕು: ಬೋರ್‌ವೆಲ್ ನೀರಿನ ಕ್ಷಾರ ಹುಳಿಯನ್ನು ನುಂಗಿಬಿಡುತ್ತದೆ. ಬೆಳಗಿನ ರಸ ಫ್ರಿಜ್‌ನಲ್ಲಿರಲಿ, ಸಂಜೆ ಎರಡನ್ನೂ ಒಂದೇ ಸುಣ್ಣದ ನೀರಿನಿಂದ ಅಳೆಯಿರಿ.

ಬಿಳಿ ಬಟ್ಟಲಿಗೆ 10 ಮಿಲಿ ರಸ, ಅದಕ್ಕೆ ಸ್ಪಿರಿಟ್‌ನಲ್ಲಿ ಕದಡಿ ತಿಳಿಯಾಗಿಸಿದ ಅರಿಶಿನ ಐದು ಹನಿ. 5 ಮಿಲಿ ಸಿರಿಂಜ್‌ನಿಂದ ಸುಣ್ಣದ ನೀರನ್ನು ಹನಿಹನಿಯಾಗಿ ಬಿಟ್ಟು ಅಲ್ಲಾಡಿಸಿ. ಹನಿ ಬಿದ್ದಲ್ಲಿ ಓಕುಳಿಯ ಕೆಂಪು ಮೂಡಿ ಮಾಯವಾಗುತ್ತದೆ. ಆ ಕೆಂಪು ಅರ್ಧ ನಿಮಿಷ ನಿಂತಿತೆಂದರೆ ನಿಲ್ಲಿಸಿ, ಎಷ್ಟು ಮಿಲಿ ಹೋಯಿತೆಂದು ಬರೆದುಕೊಳ್ಳಿ. ಬೆಳಗಿನ ರಸ ಸಂಜೆಯದಕ್ಕಿಂತ ಹಲವು ಪಟ್ಟು ಸುಣ್ಣದ ನೀರು ಕುಡಿಯಬೇಕು.

ಎರಡೂ ಹತ್ತಿರಹತ್ತಿರ ಬಂದರೆ ಮೊದಲು ಅನುಮಾನಿಸಬೇಕಾದ್ದು ಹೊತ್ತನ್ನು. ಬಿಸಿಲೇರಿದ ಮೇಲೆ ಕಿತ್ತ ಎಲೆಯಲ್ಲಿ ಹುಳಿ ಆಗಲೇ ಕರಗಿರುತ್ತದೆ. ದಿನವಿಡೀ ಮೋಡವಿದ್ದರೆ ಸಂಜೆಯಾದರೂ ಹುಳಿ ಪೂರ್ತಿ ಕರಗುವುದಿಲ್ಲ. ಸೆಕೆಯ ರಾತ್ರಿಯಾದರೆ ಕೂಡುವುದೇ ಕಡಿಮೆ. ಇದೇ ಕ್ರಮದಲ್ಲಿ ಅವರೆ ಎಲೆಯನ್ನೂ ಅಳೆಯಿರಿ. ಅವರೆ ಹಗಲಲ್ಲೇ ರಂಧ್ರ ತೆರೆಯುವ ಗಿಡ, ಅದರಲ್ಲಿ ಇಂಥ ಏರಿಳಿತ ಕಾಣಬಾರದು. ಅಲ್ಲೂ ಕಂಡರೆ ತಪ್ಪು ಗಿಡದ್ದಲ್ಲ, ತೂಕದ್ದೋ ನೀರಿನದ್ದೋ.