ಸೀಲಿಂಗ್ ಲೈಟ್ ಬದಲಾಯಿಸೋ ಮುಂಚೆ ಮೇಲಿರೋ ವೈರ್‌ಗಳ ಲೆಕ್ಕ ತಿಳ್ಕೊಳ್ಳಿ

ಹಳೇ ಬಲ್ಬ್ ಹೋಲ್ಡರ್ ತೆಗೆದು ಎಲ್‌ಇಡಿ ಪ್ಯಾನೆಲ್ ಹಾಕೋದು ನೋಡೋಕೆ ಸುಲಭದ ಕೆಲಸ, ಆದ್ರೆ ಮುಚ್ಚಳ ಬಿಚ್ಚಿದಾಗ ಎರಡು ವೈರ್ ಇರ್ಬೇಕಾದ ಕಡೆ ಐದಾರು ಕಾಣ್ಸಿದ್ರೆ ತಲೆ ಕೆಡುತ್ತೆ, ಆ ಗಡಿಬಿಡೀಲಿ ಎಲ್ಲಾನೂ ಬಿಡಿಸಿ ಹಾಕಿಬಿಟ್ರೆ ಪಕ್ಕದ ರೂಮಿನ ಲೈಟೂ ಹತ್ತಲ್ಲ. ಯಾವ ವೈರ್ ಏನು ಕೆಲಸ ಮಾಡ್ತಿದೆ ಅಂತ ಗೊತ್ತಾಗೋವರೆಗೂ ಒಂದು ಜಾಯಿಂಟನ್ನೂ ಮುಟ್ಟಬೇಡಿ. ಅಂದಹಾಗೆ ಲೈಟು, ಫ್ಯಾನು, ಸ್ವಿಚ್ಚು ಇದ್ದದ್ದನ್ನ ತೆಗೆದು ಅಂಥದ್ದೇ ಇನ್ನೊಂದು ಹಾಕೋಕೆ ಮಾತ್ರ ನಿಯಮದಲ್ಲಿ ಅವಕಾಶ ಇದೆ, ಹೊಸ ಪಾಯಿಂಟ್ ಎಳೆಯೋದು, ಲೈನ್ ಬದಲಾಯಿಸೋದು ಲೈಸೆನ್ಸ್ ಇರೋರ ಕೆಲಸ.

ಮೊದಲು ಕರೆಂಟ್ ಆಫ್ ಮಾಡೋ ವಿಷಯ, ಯಾಕಂದ್ರೆ ಜಾಸ್ತಿ ಅಪಾಯ ಇರೋದೇ ಇಲ್ಲಿ. ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಆ ಲೈನಿನ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್) ಒಂದನ್ನೇ ಇಳಿಸಿದ್ರೂ ಸಾಲಲ್ಲ. ಸಿಂಗಲ್ ಪೋಲ್ ಎಂಸಿಬಿ ಕಟ್ ಮಾಡೋದು ಫೇಸನ್ನ, ಅಂದ್ರೆ ಕರೆಂಟ್ ತರೋ ವೈರನ್ನ ಮಾತ್ರ, ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್ (ಸಾಮಾನ್ಯವಾಗಿ ಕಪ್ಪು ಬಣ್ಣದ್ದು) ಹಾಗೇ ಇರುತ್ತೆ. ಆ ನ್ಯೂಟ್ರಲ್ ಜಾಯಿಂಟಿಂದಲೇ ಬೇರೆ ರೂಮಿನ ಉರಿಯೋ ಲೈಟಿಗೂ ಕನೆಕ್ಷನ್ ಹೋಗಿದ್ರೆ, ನೀವು ಜಾಯಿಂಟ್ ಬಿಡಿಸಿದ ಕೂಡಲೇ ಆ ಲೈಟಿನ ಮೂಲಕ ಹಾದು ಬಂದ ಕರೆಂಟು ಕಪ್ಪು ವೈರಿನ ತುದೀಲಿ ನಿಂತಿರುತ್ತೆ, ಕಪ್ಪು ವೈರ್ ತಾನೆ ಅಂತ ಮುಟ್ಟಿದ್ರೆ ಶಾಕ್ ಹೊಡೆಯುತ್ತೆ. ಹಾಗಾಗಿ ಮೇನ್ ಸ್ವಿಚ್ಚೇ ಇಳಿಸಿ. ಯುಪಿಎಸ್ ಇರೋ ಮನೇಲಂತೂ ಇದನ್ನ ಮರೀಲೇಬೇಡಿ, ಮೇನ್ ಇಳಿಸಿದ ತಕ್ಷಣ ಅದು ಕರೆಂಟ್ ಹೋಯ್ತು ಅಂದ್ಕೊಂಡು ಬ್ಯಾಟರಿಯಿಂದ ಲೈಟ್ ಲೈನಿಗೇ 230 ವೋಲ್ಟ್ ಕೊಡುತ್ತೆ. ಬರೀ ಯುಪಿಎಸ್ ಆಫ್ ಮಾಡಿ ಮೇನ್ ಬಿಟ್ರೂ ಆಗಲ್ಲ, ಬೈಪಾಸಲ್ಲಿ, ಅಂದ್ರೆ ಬ್ಯಾಟರಿ ಬಿಟ್ಟು ನೇರವಾಗಿ, ಮೇನ್ ಕರೆಂಟ್ ಹರೀತಿರುತ್ತೆ. ಎರಡೂ ಆಫ್ ಆಗ್ಬೇಕು.

ಟೆಸ್ಟರ್ ನಂಬೋ ಮುಂಚೆ, ಮೇನ್ ಇಳಿಸೋದಕ್ಕಿಂತ ಮೊದಲೇ, ಕರೆಂಟ್ ಇರೋ ಸಾಕೆಟ್ಟಲ್ಲಿ ಇಟ್ಟು ಅದು ಉರಿಯುತ್ತಾ ನೋಡಿ. ಒಣಗಿದ ಮರದ ಸ್ಟೂಲು, ಕಾಲಿಗೆ ರಬ್ಬರ್ ಚಪ್ಪಲಿ ಇರ್ಲಿ.

ಈಗ ಮುಚ್ಚಳ ಬಿಚ್ಚಿ, ಮೊಬೈಲಲ್ಲಿ ಎರಡು ಮೂರು ಕಡೆಯಿಂದ ಫೋಟೋ ತೆಗೀರಿ. ನಮ್ಮ ಕಡೆ ಸಾಮಾನ್ಯವಾಗಿ ಫೇಸ್ ಲೂಪ್ ಆಗೋದು (ಒಂದು ಕಡೆಯಿಂದ ಮುಂದಿನದಕ್ಕೆ ಕನೆಕ್ಷನ್ ಹೋಗೋದು) ಸ್ವಿಚ್ ಬೋರ್ಡ್ ಒಳಗೇನೇ, ಅಲ್ಲಿಂದ ಸ್ವಿಚ್ ದಾಟಿದ ಫೇಸ್ ಒಂದು, ನ್ಯೂಟ್ರಲ್ ಒಂದು ಮೇಲೆ ಬರುತ್ತೆ. ಬರೀ ಎರಡೇ ಇದ್ರೆ ಅರ್ಧ ಕೆಲಸ ಆದ ಹಾಗೆ. ಮೂರ್ನಾಲ್ಕು ಕಪ್ಪು ವೈರ್ ಒಟ್ಟಿಗೆ ತಿರುಚಿ ಟೇಪ್ ಸುತ್ತಿದ್ರೆ ಅದು ಬಹುತೇಕ ನ್ಯೂಟ್ರಲ್ ಲೂಪ್, ಇಲ್ಲಿಂದ ಮುಂದಿನ ಪಾಯಿಂಟಿಗೆ ಹೋಗಿರುತ್ತೆ, ಆ ಗಂಟನ್ನ ಗಂಟಾಗಿಯೇ ಬಿಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್ ಅನ್ನೋದು ನಮ್ಮಲ್ಲಿ ರೂಢಿ, ಆದ್ರೆ ಕಟ್ಟೋವಾಗ ಯಾವ ಕಾಯಿಲ್ ಮಿಕ್ಕಿತ್ತೋ ಅದನ್ನೇ ಎಳೆದಿರೋ ಮನೆಗಳು ಬೇಕಾದಷ್ಟಿವೆ, ಬಣ್ಣ ನೋಡಿ ತೀರ್ಮಾನ ಮಾಡಬೇಡಿ.

ಅನುಮಾನ ಇದ್ರೆ ಹಳೇ ಹೋಲ್ಡರ್ ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದ ಹಾಗೆ ದೂರ ಮಾಡಿ, ಕೆಳಗಿಳಿದು ಬಂದು ಮೇನ್ ಹಾಕಿ, ಆಮೇಲೆ ಕೈ ತಾಗಿಸದೆ ಟೆಸ್ಟರಲ್ಲಿ ಒಂದೊಂದೇ ನೋಡಿ, ಇನ್ನೊಬ್ರು ಕೆಳಗೆ ನಿಂತು ಸ್ವಿಚ್ ಆನ್ ಆಫ್ ಮಾಡ್ಲಿ. ಸ್ವಿಚ್ ಹಾಕಿದಾಗ ಮಾತ್ರ ಟೆಸ್ಟರ್ ಹತ್ತೋ ವೈರೇ ನಿಮ್ಮ ಲೈಟಿನ ಫೇಸ್. ಯಾವಾಗ್ಲೂ ಹತ್ತೋದು ಬೇರೆ ಪಾಯಿಂಟಿಗೆ ಹೋಗೋ ನೇರ ಫೇಸ್ ಇರಬಹುದು, ಅದಕ್ಕೆ ಲೈಟ್ ಕೊಟ್ರೆ ಆಮೇಲೆ ಆಫ್ ಮಾಡೋಕೇ ಆಗಲ್ಲ. ಟೆಸ್ಟರ್ ಮಂದವಾಗಿ ಹತ್ತಿದ್ರೆ ಗಾಬರಿ ಬೇಡ, ಒಂದೇ ಪೈಪಲ್ಲಿ ಪಕ್ಕದ ವೈರಿಂದ ಹಾಗಾಗುತ್ತೆ, ಹಾಗಂತ ಮುಟ್ಟೋಕೂ ಹೋಗ್ಬೇಡಿ. ಮಲ್ಟಿಮೀಟರಲ್ಲಿ ಆ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230ರ ಆಸುಪಾಸು ಬಂದ್ರೆ ಖಾತ್ರಿ. ಗೊತ್ತಾದ ಕೂಡಲೇ ಮತ್ತೆ ಮೇನ್, ಯುಪಿಎಸ್ ಎರಡನ್ನೂ ಆಫ್ ಮಾಡಿ, ಆ ವೈರಿಗೆ ಬಣ್ಣದ ಟೇಪ್ ಸುತ್ತಿ.

ನಿಮ್ಮ ಲೈಟಿಗೆ ಅಂತಲೇ ಬಂದಿರೋ ವೈರಲ್ಲಿ ಸ್ವಿಚ್ ಆಫ್ ಇದ್ರೂ ಫೇಸ್ ಇದೆ, ಜೊತೇದು ನ್ಯೂಟ್ರಲ್ ಅಂತ ಕಂಡ್ರೆ ಸ್ವಿಚ್ಚನ್ನ ನ್ಯೂಟ್ರಲ್ಲಿಗೆ ಹಾಕಿದ್ದಾರೆ ಅಂತ ಅರ್ಥ. ಇಂಥ ಕಡೆ ಎಲ್‌ಇಡಿ ಹಾಕಿದ್ರೆ ರಾತ್ರಿ ಆಫ್ ಮಾಡಿದ ಮೇಲೂ ಮಿಣಮಿಣ ಅಂತಿರುತ್ತೆ, ಅದನ್ನ ಬೋರ್ಡಲ್ಲೇ ಎಲೆಕ್ಟ್ರಿಷಿಯನ್ ಕೈಲಿ ಸರಿ ಮಾಡಿಸಿ. ಇಂಡಿಕೇಟರ್ ಇರೋ ಸ್ವಿಚ್ಚಿಂದಲೂ ಹೀಗಾಗೋದುಂಟು.

ಜೋಡಿಸೋವಾಗ ಗಮನ ಇಡ್ಬೇಕಾದ್ದು ಡ್ರೈವರ್ ಮೇಲೆ, ಅಂದ್ರೆ ಮನೆ ಕರೆಂಟನ್ನ ಎಲ್‌ಇಡಿಗೆ ಬೇಕಾದ ಹಾಗೆ ಬದಲಾಯಿಸೋ ಪುಟ್ಟ ಡಬ್ಬಿ ಮೇಲೆ. ಮನೆ ಕರೆಂಟ್ ಹೋಗ್ಬೇಕಾದ್ದು ಇನ್‌ಪುಟ್ ಅಂತ ಬರೆದಿರೋ ಕಡೆಗೆ, ಪ್ಯಾನೆಲ್ಲಿಗೇ ನೇರ 230 ವೋಲ್ಟ್ ಕೊಟ್ರೆ ಅದು ಅಲ್ಲಿಗೇ ಸುಟ್ಟುಹೋಗುತ್ತೆ. ಬರೀ ತಿರುಚಿ ಟೇಪ್ ಸುತ್ತೋ ಬದಲು ಸ್ಕ್ರೂ ಕನೆಕ್ಟರ್ ಹಾಕಿ, ವೈರ್ ಎಳೆದು ನೋಡಿ ಬಿಗಿ ಇದೆಯಾ ಅಂತ. ಲೋಹದ ಬಾಡಿ ಇರೋ ಫಿಟಿಂಗ್‌ಗೆ ಹಸಿರು ವೈರ್ ಕೊಡ್ಲೇಬೇಕು. ಭಾರದ ತೂಗುದೀಪ ಆದ್ರೆ ಹುಕ್ಕಿಗೆ ಹಾಕಿ, ವೈರ್ ಮೇಲೆ ತೂಕ ಬೀಳಬಾರ್ದು. ಹಳೇ ಹೆಂಚಿನ ಮನೇಲಿ ಮರದ ಪಟ್ಟಿ ಮೇಲೆ ಹೋಗಿರೋ ವೈರಿನ ಸಿಪ್ಪೆ ಬಗ್ಗಿಸಿದ್ರೆ ಪುಡಿ ಉದುರ್ತಿದ್ರೆ ಅಲ್ಲೇ ನಿಲ್ಲಿಸಿ, ಅದಕ್ಕೆ ಹೊಸ ಲೈಟಲ್ಲ, ಹೊಸ ವೈರಿಂಗೇ ಬೇಕು.

ಎಲ್ಲಾ ಮುಚ್ಚಿ ಮೇನ್ ಹಾಕಿದ ಮೇಲೆ ಹೊಸ ಲೈಟ್ ಒಂದೇ ಅಲ್ಲ, ಉಳಿದ ರೂಮಿನ ಲೈಟು ಫ್ಯಾನೂ ಹಾಕಿ ನೋಡಿ. ಯಾವುದಾದ್ರೂ ಹತ್ತದಿದ್ರೆ ಲೂಪಿನ ಒಂದು ವೈರ್ ಹೊರಗುಳಿದಿದೆ, ಮೊದಲು ತೆಗೆದ ಫೋಟೋ ನೋಡಿ. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಸ್ವಿಚ್) ಟ್ರಿಪ್ ಆದ್ರೆ ನ್ಯೂಟ್ರಲ್ ಎಲ್ಲೋ ಅರ್ಥಿಂಗ್‌ಗೆ ತಾಗಿರಬಹುದು ಅಥವಾ ಯುಪಿಎಸ್ ಲೈನಿನ ನ್ಯೂಟ್ರಲ್ ಇನ್ನೊಂದರ ಜೊತೆ ಸೇರ್ಕೊಂಡಿರಬಹುದು, ಅದನ್ನ ಸರಿ ಮಾಡಿಸೋವರೆಗೂ ಆ ಲೈನ್ ಆಫ್ ಆಗೇ ಇರ್ಲಿ.