ನಾಲ್ಕು ಪಟ್ಟು ತೂಕ, ಎರಡೇ ಪಟ್ಟು ವೇಗ

2 ಕಿ.ಮೀ. ಎತ್ತರದ ಮೋಡದಿಂದ ಹೊರಟ ಮಳೆಹನಿ, ಗಾಳಿಯೇ ಇಲ್ಲದಿದ್ದರೆ, ಗಂಟೆಗೆ 700 ಕಿ.ಮೀ. ವೇಗದಲ್ಲಿ ಬಂದು ತಲೆಗೆ ಬಡಿಯುತ್ತಿತ್ತು. ನಿಜದಲ್ಲಿ 2 ಮಿ.ಮೀ. ಗಾತ್ರದ ಹನಿಯ ವೇಗ ಸೆಕೆಂಡಿಗೆ ಸುಮಾರು 6.5 ಮೀಟರ್, ಅಷ್ಟೇ. ವೇಗ ಏರಿದಂತೆ ಗಾಳಿಯ ತಡೆಯೂ ಜಾಸ್ತಿಯಾಗುತ್ತದೆ. ತಡೆ ಮತ್ತು ತೂಕ ಸಮವಾದ ಮೇಲೆ ವೇಗ ಏರುವುದಿಲ್ಲ. ಇದೇ ಅಂತಿಮ ವೇಗ.

ಇದನ್ನು ಮನೆಯಲ್ಲೇ ನೋಡಬಹುದು. ಕಪ್‌ಕೇಕ್ ಮಾಡಲು ಬಳಸುವ ನೆರಿಗೆಯ ಪೇಪರ್ ಕಪ್ ಐದು, ಅಳತೆ ಟೇಪು, ಜೊತೆಗೊಬ್ಬರು ಸಾಕು. ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಗೋಡೆಯ ಮೇಲೆ 1 ಮೀಟರ್ ಮತ್ತು 2 ಮೀಟರ್ ಎತ್ತರದಲ್ಲಿ ಗುರುತು ಹಾಕಿ. ನಾಲ್ಕು ಕಪ್‌ಗಳನ್ನು ಒಂದರೊಳಗೊಂದು ಕೂರಿಸಿ. ಅಗಲ ಅಷ್ಟೇ ಇರುತ್ತದೆ, ತೂಕ ಮಾತ್ರ ನಾಲ್ಕು ಪಟ್ಟಾಗುತ್ತದೆ. ಉಪಾಯ ಇರುವುದೇ ಇಲ್ಲಿ.

ಈಗ ಒಬ್ಬರು ಸ್ಟೂಲ್ ಹತ್ತಿ ಆ ನಾಲ್ಕರ ಜೋಡಿಯನ್ನು 2 ಮೀಟರ್ ಗುರುತಿನಲ್ಲಿ ಹಿಡಿಯಲಿ. ಇನ್ನೊಬ್ಬರು ಒಂಟಿ ಕಪ್ಪನ್ನು 1 ಮೀಟರಿನಲ್ಲಿ ಹಿಡಿಯಲಿ. ತಳ ಕೆಳಗೆ, ಬಾಯಿ ಮೇಲೆ ಇರಬೇಕು. ಸುಮ್ನೆ ಬೆರಳು ಬಿಡಿ, ತಳ್ಳಬೇಡಿ.

ಎರಡೂ ಹೆಚ್ಚುಕಡಿಮೆ ಒಟ್ಟಿಗೇ ನೆಲ ಮುಟ್ಟುತ್ತವೆ. ಅಂದರೆ ನಾಲ್ಕರ ಜೋಡಿ ಅಷ್ಟೇ ಹೊತ್ತಿನಲ್ಲಿ ಎರಡು ಪಟ್ಟು ದೂರ ಬಂತು. ನಾಲ್ಕು ಪಟ್ಟು ಯಾಕಲ್ಲ? ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ನಾಲ್ಕು ಪಟ್ಟು ತೂಕವನ್ನು ಹಿಡಿದು ನಿಲ್ಲಿಸಲು ಅಷ್ಟೇ ಸಾಕಲ್ವಾ? ಕಿವಿಗೊಟ್ಟು ಕೇಳಿದರೆ ಜೋಡಿಯ ಸದ್ದು ಒಂದು ಚೂರು ತಡವಾಗಿ ಬರಬಹುದು. ಭಾರದ್ದಕ್ಕೆ ತನ್ನ ಅಂತಿಮ ವೇಗಕ್ಕೆ ಏರಲು ಹೆಚ್ಚು ಹೊತ್ತು ಬೇಕು. ಕಪ್ ಓರೆಯಾಗಿ ತೇಲಿದರೆ ಆ ಸಲದ ಲೆಕ್ಕ ಬಿಟ್ಟು ಮತ್ತೆ ಹಾಕಿ.

ಹರಳೆಣ್ಣೆಯಂಥ ಮಂದ ದ್ರವದಲ್ಲಿ ನಿಯಮವೇ ಬೇರೆ. ಸಣ್ಣ ಗುಂಡು ನಿಧಾನವಾಗಿ ಇಳಿಯುವಾಗ ತಡೆ ವೇಗದಷ್ಟೇ ಏರುತ್ತದೆ, ಅದರ ವರ್ಗದಷ್ಟಲ್ಲ. ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರ ಇದು. ಅದರ ಪ್ರಕಾರ ಗುಂಡಿನ ಅಗಲ ಎರಡರಷ್ಟಾದರೆ ಇಳಿಯುವ ವೇಗ ನಾಲ್ಕರಷ್ಟಾಗಬೇಕು.

ಸೈಕಲ್ ಅಂಗಡಿಯಲ್ಲಿ ಬೇರೆ ಬೇರೆ ಅಳತೆಯ ಬೇರಿಂಗ್ ಗುಂಡು ಸಿಗುತ್ತವೆ. ಒಂದರ ಅಗಲ ಇನ್ನೊಂದರ ಎರಡರಷ್ಟಿರುವಂತೆ ಆರಿಸಿಕೊಳ್ಳಿ. ಉದ್ದನೆಯ ಗಾಜಿನ ಜಾಡಿಗೆ ಎಣ್ಣೆ ತುಂಬಿ, ನಡುಮಧ್ಯದಲ್ಲಿ ಗುಂಡು ಬಿಟ್ಟು, ಮೊಬೈಲಿನ ಸ್ಲೋಮೋಷನ್‌ನಲ್ಲಿ ಹಿಡಿಯಿರಿ. ದೊಡ್ಡದರ ವೇಗ ಸಣ್ಣದರ ನಾಲ್ಕು ಪಟ್ಟಿಗಿಂತ ಕಡಿಮೆ ಬಂದರೆ ಗಾಬರಿ ಬೇಡ. ಜಾಡಿಯ ಗೋಡೆ ಹತ್ತಿರವಿದ್ದಷ್ಟೂ ಗುಂಡು ತಡವರಿಸುತ್ತದೆ, ದೊಡ್ಡ ಗುಂಡಿಗೆ ಸ್ಟೋಕ್ಸ್ ಲೆಕ್ಕ ಪೂರ್ತಿ ಒಗ್ಗುವುದೂ ಇಲ್ಲ. ಇನ್ನೂ ಅಗಲವಾದ ಜಾಡಿ, ಇನ್ನೂ ಸಣ್ಣ ಗುಂಡು ತೆಗೆದುಕೊಳ್ಳಿ. ಎರಡೂ ಸಲ ಎಣ್ಣೆ ಒಂದೇ ಬಿಸಿಯಲ್ಲಿರಲಿ. ಬಿಸಿಲಿಗಿಟ್ಟ ಹರಳೆಣ್ಣೆ ಬೇಗ ತೆಳುವಾಗುತ್ತದೆ.